ಬೋರಿಂಗಣ್ಣನ ಹೆದರಿಕೆ

ಬೆಳ್ತಂಗಡಿಯಲ್ಲಿ ನನ್ನ ಪಕ್ಕದ ಅಂಗಡಿಯಲ್ಲಿ ಮೋಟಾರ್ ಸೈಕಲ್ಲುಗಳ ಸಿಲಿಂಡರ್ ಬೋರ್ ಮಾಡುವವರೊಬ್ಬರಿದ್ದರು. ಅವರಷ್ಟು ಹೆದರುವ ಮನುಷ್ಯರನ್ನು ನಾನು ಬೇರೆಲ್ಲೂ ಕಂಡಿಲ್ಲ. ಊರಿಗೆಲ್ಲ ಅವರು ಬೋರಿಂಗಣ್ಣ. ಹೆಸರು ಗೊತ್ತು, ಆದರೆ ಬರೆಯುವುದಿಲ್ಲ. ಪತ್ರಿಕೆಯಲ್ಲಿ ಹೆಸರು ಬರುವುದೆಂದರೆ ಒಂದೋ ಅಪಘಾತ, ಇಲ್ಲವೇ ತಿಥಿ ಎಂದು ಅವರು ಅದಕ್ಕೂ ಹೆದರುತ್ತಿದ್ದರು.

ರಸ್ತೆ ದಾಟಬೇಕಾದರೆ ಯಾರಾದರೂ ಹೆಂಗಸರು ದಾಟುವುದನ್ನು ಕಾದು, ಅವರ ಮರೆಯಲ್ಲಿ ದಾಟುವರು. ಬಸ್ಸಿನಲ್ಲಿ ಮುಂದಿನ ಸೀಟೂ ಬೇಡ, ಹಿಂದಿನ ಸೀಟೂ ಬೇಡ, ನಡುವಿನದ್ದೇ ಆಗಬೇಕು. ಸ್ವಂತ ಮನೆ ಮೂಡುಬಿದಿರೆಯಲ್ಲಿ, ಬೆಳ್ತಂಗಡಿಯಲ್ಲಿ ಒಂದು ಬಾಡಿಗೆ ಮನೆ. ವಾರಕ್ಕೊಮ್ಮೆ ಊರಿಗೆ ಹೋಗುವಾಗ ವೇಣೂರಿನ ತಿರುವುಗಳಲ್ಲಿ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರಂತೆ. ಗುಡುಗಿದರೆ ಮಷೀನ್ ಬಂದ್. ಜೀವಮಾನವಿಡೀ ಬೈಕಿನ ಎಂಜಿನ್ ಜೊತೆ ಕಳೆದವರು ಒಂದು ಸಲವೂ ಬೈಕ್ ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿ ಕೂರಲೂ ಇಲ್ಲ. "ಒಳಗೆ ಏನುಂಟು ಅಂತ ನನಗೆ ಗೊತ್ತುಂಟಲ್ಲ ಮಾರಾಯ್ರೆ. ಗೊತ್ತಿದ್ದವ ಹತ್ತುವುದಿಲ್ಲ" ಎನ್ನುತ್ತಿದ್ದರು.

ನನ್ನದು ಸ್ಪೇರ್ ಪಾರ್ಟ್ಸ್ ಅಂಗಡಿ. ನಾನು ಪಿಸ್ಟನ್ ಮಾರುವವ, ಅವರು ಆ ಪಿಸ್ಟನ್ನಿಗೆ ಜಾಗ ಮಾಡಿಕೊಡುವವರು. ಎರಡೂ ಅಂಗಡಿಗಳ ನಡುವೆ ಇದ್ದದ್ದು ಒಂದೇ ಗೋಡೆ. ಅವರ ಬೋರಿಂಗ್ ಮಷೀನ್ ಓಡುವಾಗ ನನ್ನ ಕಪಾಟಿನ ಬೇರಿಂಗ್ ಡಬ್ಬಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಆ ಸದ್ದು ನಿಂತಿತೆಂದರೆ ಒಂದೋ ಅವರು ಟೀ ಕುಡಿಯುತ್ತಿದ್ದಾರೆ, ಇಲ್ಲವೇ ಏನನ್ನೋ ನೋಡಿ ಹೆದರಿದ್ದಾರೆ ಎಂದು ಲೆಕ್ಕ. ನಾನೂ ಧೈರ್ಯವಂತನೇನಲ್ಲ. ಬಹುಶಃ ಅದಕ್ಕೇ ನಮಗೆ ಸ್ನೇಹವಾಯಿತು.

ಅವರ ಹೆದರಿಕೆಗಳಲ್ಲಿ ದೊಡ್ಡದು ಎಂಜಿನ್ ಜಾಮ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಲಿಂಡರ್ ಎಂದರೆ ಒಂದು ಕೊಳವೆ, ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಒಂದು ಕೂದಲು ತೂರುವಷ್ಟೂ ಜಾಗ ಇಲ್ಲ. ಆ ಇಲ್ಲದಂಥ ಜಾಗದಲ್ಲಿ ಎಣ್ಣೆಯ ಪದರ ನಿಲ್ಲಬೇಕು. ವರ್ಷಗಟ್ಟಲೆ ಓಡಿ ಗೋಡೆ ಸವೆದಾಗ ಅದನ್ನು ಸ್ವಲ್ಪ ಕೆತ್ತಿ ದೊಡ್ಡದು ಮಾಡಿ, ಅಷ್ಟೇ ದೊಡ್ಡ ಹೊಸ ಪಿಸ್ಟನ್ ಕೂರಿಸುವುದಕ್ಕೆ ಬೋರ್ ಮಾಡುವುದು ಎನ್ನುತ್ತಾರೆ. ಕೆತ್ತಿದ್ದು ಚೂರು ಹೆಚ್ಚಾದರೆ ಎಂಜಿನ್ ಲಟಪಟ ಎನ್ನುತ್ತದೆ, ಅದರಿಂದ ಯಾರೂ ಸಾಯುವುದಿಲ್ಲ. ಚೂರು ಕಡಿಮೆಯಾದರೆ, ಓಡುತ್ತಾ ಓಡುತ್ತಾ ಪಿಸ್ಟನ್ ಬಿಸಿಯಾಗಿ ಉಬ್ಬಿ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಎಂಜಿನ್ ನಿಂತಿತೋ ಹಿಂದಿನ ಚಕ್ರವೂ ನಿಂತಿತು. ಚಕ್ರ ನಿಂತರೂ ಸವಾರ ನಿಲ್ಲುವುದಿಲ್ಲ, ಅವನು ಮುಂದೆ ಹೋಗುತ್ತಾನೆ.

"ಮುಂದೆ ಅಂದರೆ ಎಲ್ಲಿಗೆ? ಎದುರಿನ ಲಾರಿ ಎಲ್ಲಿ ಉಂಟೋ ಅಲ್ಲಿಗೆ" ಎಂದು ಅವರು ಹೇಳುವಾಗ ಗಿರಾಕಿಗಳ ಮುಖ ನೋಡಬೇಕು.

ಯಾರಾದರೂ ಕೆಟ್ಟ ಸಿಲಿಂಡರ್ ತಂದರೆ ಅಳತೆಯ ಗೇಜು ಮುಟ್ಟುವ ಮೊದಲು ಅಂಗಡಿಯ ಹೊರಗೆ ಬರುವರು. ಸಿಲಿಂಡರನ್ನು ಆಕಾಶಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ನಿಧಾನಕ್ಕೆ ತಿರುಗಿಸುತ್ತಾ ಒಳಗೆ ನೋಡುವರು. ಆಮೇಲೆ ಎಡಗೈಯ ಕಿರುಬೆರಳು ಒಳಗೆ ಹೋಗುತ್ತಿತ್ತು. ಆ ಬೆರಳಿನ ಉಗುರನ್ನು ಅದಕ್ಕೆಂದೇ ಉದ್ದ ಬಿಟ್ಟಿದ್ದರು. ಗೀರಿಗೆ ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಬರೀ ಗೋಡೆ ಉಜ್ಜುವ ಹೋನಿಂಗ್ ಕಲ್ಲು ಆಡಿಸಿದರೆ ಸಾಕು. ಉಗುರು ತಡೆದು ನಿಂತರೆ ಬೋರ್ ಮಾಡಲೇಬೇಕು. ಉಗುರು ಒಳಗೆ ಇಳಿದರೆ ಅಲ್ಲೇ ಬೆಂಚಿನ ಮೇಲೆ ಕೂತುಬಿಡುವರು. "ಒಂದು ಲೋಟ ನೀರು ಕೊಡಿ ಮಾರಾಯ್ರೆ."

ಗೋಡೆ ನೋಡಿ ನಡೆದದ್ದನ್ನು ಹೇಳುತ್ತಿದ್ದರು. ಒಂದೇ ಒಂದು ಉದ್ದ ಗೀರು ಇದ್ದರೆ ಪಿಸ್ಟನ್ನಿನ ಪಿನ್ ಲಾಕ್ ಕಳಚಿದೆ. ಒಂದು ಬದಿಯೆಲ್ಲ ಮೆತ್ತಿಕೊಂಡಿದ್ದರೆ ಎಣ್ಣೆ ಹಾಕಲು ಮರೆತಿದ್ದಾನೆ. ನಾಲ್ಕು ಕಡೆ ನಾಲ್ಕು ಉದ್ದ ಕಲೆ ಇದ್ದರೆ ಮಾತ್ರ ಅವರ ಧ್ವನಿ ಇಳಿಯುತ್ತಿತ್ತು. "ಇದು ಬೋರ್ ಮಾಡಿದವನ ತಪ್ಪು. ಜಾಗ ಬಿಟ್ಟದ್ದು ಸಾಲದು." ಅದು ಬಂಟ್ವಾಳದಲ್ಲಿ ಇನ್ಯಾರೋ ಮಾಡಿದ ಕೆಲಸ ಎಂದು ಗೊತ್ತಿದ್ದರೂ ಅವರ ಮುಖ ಬಿಳಿಚಿಕೊಳ್ಳುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

ಗೋಡೆ ತೀರಾ ತೆಳ್ಳಗಾಗಿ ಇನ್ನು ಕೆತ್ತಲು ಏನೂ ಉಳಿದಿಲ್ಲವೆಂದಾದರೆ ಹಳೆಯದನ್ನು ಪೂರ್ತಿ ತೆಗೆದು ಒಳಗೊಂದು ಹೊಸ ಸ್ಲೀವ್, ಅಂದರೆ ಕಬ್ಬಿಣದ ಒಳಕೊಳವೆ, ಇಳಿಸಬೇಕು. ಹೊರಗಿನ ಬ್ಲಾಕ್ ಬಿಸಿಯಾಗಿ ಹಿಗ್ಗಿರಬೇಕು, ಒಳಗೆ ಇಳಿಯುವ ಸ್ಲೀವ್ ತಣ್ಣಗಾಗಿ ಕುಗ್ಗಿರಬೇಕು. ಅದಕ್ಕೆ ಅವರು ಮಾಡುತ್ತಿದ್ದ ಏರ್ಪಾಡು ನಮ್ಮ ಪೇಟೆಗೆ ಒಂದು ತಮಾಷೆ. ಬ್ಲಾಕ್ ಹೋಗುವುದು ಎದುರಿನ ಬೇಕರಿಯ ಒಲೆಗೆ, ಸ್ಲೀವ್ ಹೋಗುವುದು ಮೀನಿನ ಅಂಗಡಿಯ ಮಂಜುಗಡ್ಡೆಯ ಪೆಟ್ಟಿಗೆಗೆ. ಬೇಕರಿಯವ ಕೂಗಿದ ಕೂಡಲೇ ಬಂಗುಡೆಗಳ ಅಡಿಯಿಂದ ಸ್ಲೀವ್ ಎತ್ತಿಕೊಂಡು ಓಡಿ ಬರುವ ಕೆಲಸ ನನ್ನದು. ಇಳಿಸುವುದಕ್ಕೆ ಇರುವುದು ಒಂದು ಉಸಿರಿನಷ್ಟು ಹೊತ್ತು. ಅರ್ಧದಲ್ಲಿ ಸಿಕ್ಕಿಕೊಂಡರೆ ಎರಡೂ ಗುಜರಿಗೆ. ಆ ಉಸಿರಿನಷ್ಟು ಹೊತ್ತು ಅವರು ದೇವರ ಹೆಸರು ಹೇಳುತ್ತಿದ್ದರೋ ನನಗೆ ಬೈಯುತ್ತಿದ್ದರೋ ಗೊತ್ತಾಗುತ್ತಿರಲಿಲ್ಲ. ಸ್ಲೀವ್ ಟಪ್ಪೆಂದು ತಳ ಮುಟ್ಟಿದ ಮೇಲೆಯೇ ಇಬ್ಬರಿಗೂ ಟೀ. ಬೇಕರಿಯವ ಮಾತ್ರ ತನ್ನ ಬನ್ನಿಗೆ ಗ್ರೀಸ್ ವಾಸನೆ, ಮೀನಿನವ ತನ್ನ ಮೀನಿಗೆ ಕಬ್ಬಿಣದ ವಾಸನೆ ಎಂದು ಜಗಳಕ್ಕೆ ಬರುತ್ತಿದ್ದರು.

ಇಷ್ಟೆಲ್ಲ ಆಗಿ ಸಿಲಿಂಡರ್ ತಯಾರಾದರೂ ಸುಲಭಕ್ಕೆ ಕೈಗೆ ಸಿಗುತ್ತಿರಲಿಲ್ಲ. ಪರೀಕ್ಷೆ ಇತ್ತು. ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿದ ಯಾವುದಾದರೂ ಬೈಕಿನ ಮೇಲೆ ಗಿರಾಕಿ ಕೂರಬೇಕು. ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ. ಬೋರಿಂಗಣ್ಣ ಹಿಂದೆಲ್ಲೋ ನಿಂತು ಅದು ಇದು ಮಾತನಾಡುತ್ತಾ, ಅವನ ಊಟ ತಿಂಡಿ ವಿಚಾರಿಸುತ್ತಾ, ಇದ್ದಕ್ಕಿದ್ದಂತೆ "ಹಿಡಿ!" ಎಂದು ಕಿರುಚುವರು. ಆ ಕ್ಷಣ ಕ್ಲಚ್ ಒತ್ತಬೇಕು. ಎಂಜಿನ್ ಜಾಮ್ ಆದಾಗ ಕ್ಲಚ್ ಒತ್ತಿದರೆ ಚಕ್ರ ಬಿಟ್ಟುಕೊಳ್ಳುತ್ತದೆ, ಸವಾರ ಬದುಕುತ್ತಾನೆ. ತಡವಾದರೆ ಫೇಲ್, ನಾಳೆ ಬಾ. ಉಜಿರೆಯ ಹಾಸ್ಟೆಲುಗಳ ಹುಡುಗರು ನಗುತ್ತಾ ಬಂದು, ಮೂರು ಸಲ ಫೇಲಾಗಿ, ಅಳುಮುಖ ಮಾಡಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಬೋಳುತಲೆಯ ಕಾಂಟ್ರಾಕ್ಟರ್ ಒಬ್ಬರು ಸಿಟ್ಟಾಗಿ, "ನಾನು ನಿಮ್ಮ ಮದುಮಗನಾ, ಪರೀಕ್ಷೆ ಮಾಡಲಿಕ್ಕೆ?" ಎಂದು ಕೇಳಿದ್ದರು. "ಮದುಮಗ ಓಡಿ ಹೋದರೆ ಇನ್ನೊಬ್ಬ ಸಿಗ್ತಾನೆ. ಕೂತ್ಕೊಳ್ಳಿ" ಎಂದರು ಬೋರಿಂಗಣ್ಣ.

ಹೊಸ ಬೋರಿನ ಬೈಕುಗಳು ಊರಲ್ಲಿ ಓಡುತ್ತಿರುವ ದಿನಗಳಲ್ಲಿ ಸಂಜೆಯಾದರೆ ಸಾಕು, ಒಬ್ಬೊಬ್ಬರಿಗೂ ಫೋನ್ ಮಾಡುವರು. ಬೈಕ್ ಹೇಗೆ ಓಡುತ್ತದೆ ಎಂದು ಕೇಳಿದ್ದು ನಾನು ಕೇಳಿಲ್ಲ. ಇದ್ದದ್ದು ಒಂದೇ ಪ್ರಶ್ನೆ: "ಮನೆ ಮುಟ್ಟಿದ್ಯಾ?" ಮುಟ್ಟಿದೆ ಎಂದರೆ ಫೋನ್ ಇಟ್ಟುಬಿಡುವರು.

ಇನ್ನು ತೊಳೆಯುವ ಸಂಗತಿ. ಹೋನಿಂಗ್ ಕಲ್ಲು ಆಡಿಸಿದಾಗ ಗೋಡೆಯ ಮೇಲೆ ಸಣ್ಣ ಸಣ್ಣ ಗೆರೆಗಳು ಅಡ್ಡಡ್ಡವಾಗಿ, ಚಾಪೆ ಹೆಣೆದಂತೆ ಮೂಡುತ್ತವೆ. ಅವು ಬೇಕು. ಎಣ್ಣೆ ನಿಲ್ಲುವುದೇ ಆ ಗೆರೆಗಳಲ್ಲಿ. ಆದರೆ ಕಲ್ಲಿನ ಪುಡಿಯೂ ಅಲ್ಲೇ ಅಡಗಿ ಕೂರುತ್ತದೆ. ಬೇರೆಯವರು ಪೆಟ್ರೋಲಿನಲ್ಲಿ ಅದ್ದಿ ಕೊಟ್ಟುಬಿಡುತ್ತಾರೆ. ಇವರು ಬಾಡಿಗೆ ಮನೆಯ ಬಚ್ಚಲಿಗೆ ಒಯ್ದು, ಹಂಡೆಯ ಬಿಸಿನೀರಿನಲ್ಲಿ ಬಾರ್ ಸೋಪು ಹಾಕಿ, ಮಗುವಿಗೆ ಮೀಯಿಸುವಂತೆ ಮೀಯಿಸುತ್ತಿದ್ದರು. ಕೊನೆಗೆ ಹಳೆಯ ಬಿಳಿ ಪಂಚೆಯ ತುಂಡನ್ನು ಒಳಗೆ ಆಡಿಸಿ ತೆಗೆದಾಗ ಅದು ಬಿಳಿಯಾಗಿಯೇ ಬರಬೇಕು. ಚೂರು ಕಪ್ಪು ಕಂಡರೆ ಮತ್ತೆ ಮೊದಲಿನಿಂದ. "ನಾನು ಸ್ನಾನಕ್ಕೆ ಯಾವಾಗ ಹೋಗುವುದು?" ಎಂದು ಅವರ ಹೆಂಡತಿ ಹೊರಗಿನಿಂದ ಬೈಯುತ್ತಿರುವುದು ದಿನನಿತ್ಯದ ಪಾಠ. ಆಮೇಲೆ ಒಳ್ಳೆಯ ಎಣ್ಣೆ ಸವರಿ, ಶುದ್ಧ ಬಟ್ಟೆಯಲ್ಲಿ ಸುತ್ತಿ ಕೊಡುತ್ತಿದ್ದರು.

ನನ್ನ ತಮ್ಮನ ಸಿಲಿಂಡರನ್ನೂ ಹಾಗೆಯೇ ತೊಳೆದು, ಹಾಗೆಯೇ ಸುತ್ತಿ ನನ್ನ ಕೈಗೆ ಕೊಟ್ಟರು.

ತಮ್ಮ ಘಟ್ಟದ ಮೇಲೆ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಸೋಮವಾರ ಬೆಳಿಗ್ಗೆ ಕಕ್ಕಿಂಜೆಯ ನಮ್ಮ ಮನೆಯಿಂದ ಹೊರಟು ಚಾರ್ಮಾಡಿ ಘಾಟಿ ಹತ್ತಿದರೆ ಶನಿವಾರ ಸಂಜೆ ಇಳಿಯುವುದು. ಅವನದು ಹಳೆಯ ಟೂ ಸ್ಟ್ರೋಕ್ ಬೈಕು. ಅದರ ಹುಚ್ಚು ಅವನಿಗೆ. ಹೊಸದು ತೆಗೆದುಕೋ ಎಂದರೆ ಕೇಳುವವನಲ್ಲ. ಗೋಡೆ ಸವೆದು ಬೈಕು ಘಾಟಿ ಹತ್ತಲು ಏದುಸಿರು ಬಿಡುತ್ತಿದ್ದಾಗ ಬೋರಿಂಗಣ್ಣನ ಹತ್ತಿರ ಕೊಟ್ಟೆ. ಪಿಸ್ಟನ್ ನನ್ನ ಅಂಗಡಿಯದ್ದೇ. ಮಳೆಗಾಲ. ಬಿಚ್ಚಿದ ಬೈಕು ನಮ್ಮ ಮನೆಯ ಚಾವಡಿಯಲ್ಲಿತ್ತು, ಮರುದಿನ ಮೆಕ್ಯಾನಿಕ್ ಮನೆಗೇ ಬಂದು ಜೋಡಿಸುವುದೆಂದು ಮಾತಾಗಿತ್ತು. "ಥಂಡಿಯಲ್ಲಿ ಇಡಬೇಡಿ, ತುಕ್ಕು ಹಿಡೀತದೆ" ಎಂದು ಬೋರಿಂಗಣ್ಣ ಎರಡೆರಡು ಸಲ ಹೇಳಿದ್ದರಿಂದ ಗಂಟನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. ಮನೆಯಲ್ಲಿ ಅದಕ್ಕಿಂತ ಬೆಚ್ಚಗಿನ ಜಾಗ ಇರಲಿಲ್ಲ. ಮೆಕ್ಯಾನಿಕ್ ಬಂದ, ಜೋಡಿಸಿದ, ಹೋದ. ತಮ್ಮ ಮೊದಲಿನ ಕೆಲವು ವಾರ ಮೆಲ್ಲಗೆ ಓಡಿಸಿದ. ಪರೀಕ್ಷೆಯನ್ನೂ ಒಂದೇ ಸಲಕ್ಕೆ ಪಾಸು ಮಾಡಿದ್ದ.

ಒಂದು ಸೋಮವಾರ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ನನಗೆ ಫೋನ್ ಬಂತು. ಘಾಟಿಯ ತಿರುವಿನಲ್ಲಿ ಬೈಕು ಇದ್ದಕ್ಕಿದ್ದಂತೆ ನಿಂತು, ತಮ್ಮ ಹಾರಿ ತಡೆಗೋಡೆಗೆ ಬಡಿದಿದ್ದಾನೆ. ಹಿಂದಿದ್ದ ಲಾರಿಯವನು ಹೇಗೋ ಪಕ್ಕಕ್ಕೆ ಎಳೆದು ನಿಲ್ಲಿಸಿದ್ದಾನೆ. ಅವನೇ ಎತ್ತಿಕೊಂಡು ಇಳಿದು ಬರುತ್ತಿದ್ದಾನೆ. ಮಾತಿಲ್ಲ, ಉಸಿರುಂಟು.

ಗೋಡೆಯ ಆಚೆ ಮಷೀನಿನ ಸದ್ದು ನಿಂತಿತ್ತು. ತಿರುಗಿ ನೋಡಿದರೆ ಬೋರಿಂಗಣ್ಣ ಬಾಗಿಲಲ್ಲಿ ನಿಂತಿದ್ದರು. ನಾನು ಹೇಳಿದೆ. ಅವರು "ಅಯ್ಯೋ" ಎನ್ನಲಿಲ್ಲ, ದೇವರೇ ಎನ್ನಲಿಲ್ಲ. "ಜಾಮಾ?" ಎಂದಷ್ಟೇ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಆದರೆ ಇಬ್ಬರಿಗೂ ಗೊತ್ತಿತ್ತು.

ತಮ್ಮನನ್ನು ಮಂಗಳೂರಿಗೆ ಸಾಗಿಸಿದೆವು. ತೊಡೆಯ ಮೂಳೆ ಎರಡು ತುಂಡು. ಅದು ಸೇರುತ್ತದೆ, ತಲೆಯ ಒಳಗೆ ಏನಾಗಿದೆ ಎಂದು ಈಗ ಹೇಳಲಾಗದು ಎಂದರು ಡಾಕ್ಟರು. ಕಣ್ಣು ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಆ ವಾರದ ಹೆದರಿಕೆಯನ್ನು ನಾನು ಇನ್ನೊಮ್ಮೆ ಹೆದರಲಾರೆ. ಆಸ್ಪತ್ರೆಯ ಬಾಗಿಲು ತೆರೆದು ಯಾರು ಹೊರಬಂದರೂ ನಮ್ಮ ಹೆಸರು ಕೂಗುತ್ತಾರೆ ಎಂದು ಎದ್ದು ನಿಲ್ಲುತ್ತಿದ್ದೆ. ಅದರೊಳಗೆ ಇನ್ನೊಂದು ಹೆದರಿಕೆ. ಇದು ಬೋರಿಂಗಣ್ಣನ ಕೈತಪ್ಪಾಗಿದ್ದರೆ? ತಮ್ಮ ಹೋಗಿಬಿಟ್ಟರೆ, ಒಂದು ಗೋಡೆಯ ಆಚೆ ಈಚೆ ಕೂತು ನಾವಿಬ್ಬರು ಹೇಗೆ ಅಂಗಡಿ ನಡೆಸುವುದು? ಆ ಎಂಜಿನ್ ಬಿಚ್ಚುವುದೇ ಬೇಡ, ಹಾಗೇ ಗುಜರಿಗೆ ಹೋಗಲಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅವರೇ ಕಕ್ಕಿಂಜೆಗೆ ಬಂದರು, ಬಸ್ಸಿನಲ್ಲಿ, ಬಟ್ಟೆಯ ಚೀಲದಲ್ಲಿ ಸ್ಪ್ಯಾನರ್ ತುಂಬಿಕೊಂಡು. ಬೈಕನ್ನು ಪಿಕಪ್ಪಿನಲ್ಲಿ ತಂದು ಚಾವಡಿಯಲ್ಲಿ ಒರಗಿಸಿದ್ದೆವು. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಅಮ್ಮ ಮಿಂದು ಉಟ್ಟು ಮತ್ತೆ ಹೋಗಲೆಂದು ಮನೆಗೆ ಬಂದಿದ್ದರು.

"ಬಿಚ್ಚುವ" ಎಂದರು ಬೋರಿಂಗಣ್ಣ.

"ಬೇಡ ಅಣ್ಣ. ಈಗ ಬಿಚ್ಚಿ ಏನು ಸಿಗ್ತದೆ?"

"ನನಗೆ ನಿದ್ದೆ ಇಲ್ಲ ಮಾರಾಯ್ರೆ. ಗೊತ್ತಾಗಲಿ. ನಾಲ್ಕು ಕಲೆ ಇದ್ದರೆ ಇವತ್ತೇ ಮಷೀನ್ ಮಾರ್ತೇನೆ."

ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. ನಾನೇ ಬಿಚ್ಚಿದೆ. ಸಿಲಿಂಡರ್ ಸುಲಭಕ್ಕೆ ಬರಲಿಲ್ಲ, ಪಿಸ್ಟನ್ ಹಿಡಿದುಕೊಂಡಿತ್ತು. ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಎಳೆಯಬೇಕಾಯಿತು. ಅದು ಕೈಗೆ ಬರುವ ಹೊತ್ತಿಗೆ ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ನಾನು ನೋಡುವುದಿಲ್ಲ. ಮೊದಲು ನೀವು ನೋಡಿ. ನಾಲ್ಕು ಕಡೆ ಉಂಟಾ?"

ನಾನು ಅಂಗಳಕ್ಕೆ ಇಳಿದು ಆಕಾಶಕ್ಕೆ ಹಿಡಿದು ನೋಡಿದೆ.

"ನಾಲ್ಕು ಕಡೆ ಇಲ್ಲ."

"ಮತ್ತೆ?"

"ಸುತ್ತಲೂ. ಎಲ್ಲಾ ಕಡೆ ಸಣ್ಣ ಸಣ್ಣ ಗೀರು. ಬೂದುಬಣ್ಣ."

"ಸುತ್ತಲೂ ಹೇಗಾಗ್ತದೆ?" ಎಂದು ಅವರು ತಿರುಗಿದರು. ಸಿಲಿಂಡರ್ ಕಸಿದುಕೊಂಡು ನೋಡಿದರು, ಕಿರುಬೆರಳು ಆಡಿಸಿದರು. ಮುಖ ಇನ್ನಷ್ಟು ಇಳಿಯಿತು. "ಇದು ಪುಡಿ. ಯಾವುದೋ ಪುಡಿ ಒಳಗಿದ್ದು ತಿಂದುಹಾಕಿದೆ. ತೊಳೆದದ್ದು ಸರಿ ಆಗಲಿಲ್ಲವಾ ಹಾಗಾದರೆ? ಬಟ್ಟೆ ಬಿಳಿ ಬಂದಿತ್ತಲ್ಲ. ನಾನೇ ನೋಡಿದ್ದೇನಲ್ಲ." ಅವರು ನನ್ನನ್ನು ಕೇಳುತ್ತಿರಲಿಲ್ಲ. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಗ್ಯಾಸ್ ಹೋಗಲು ಕಿಟಕಿಗಳಂಥ ತೂತುಗಳಿರುತ್ತವೆ, ಅವುಗಳ ಹಿಂದೆ ಓಣಿಗಳು. ಒಂದು ತಂತಿ ತೆಗೆದುಕೊಂಡು ಆ ಓಣಿಯ ಮೂಲೆ ಕೆರೆದರು. ಹಿಟ್ಟಿನಂಥ ಬೂದು ಮುದ್ದೆ ಬಂತು. ಅದರ ಜೊತೆ ಒಂದು ಎಳೆ. ಕೆಂಚು ಬಣ್ಣದ್ದು, ಗಡುಸು.

ತೆಂಗಿನ ನಾರು.

ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು. ಅಷ್ಟರಲ್ಲಿ ಅಮ್ಮ ಟೀ ತಂದರು.

ಅಮ್ಮ ಈಗ ಇಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತಮ್ಮನಿಗೂ ಮೊನ್ನೆ ಅವರ ಉತ್ತರಕ್ರಿಯೆ ಮುಗಿದ ಮೇಲೆಯೇ ಹೇಳಿದ್ದು. ಅಮ್ಮ ಅಂದು ತುಳುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಿಚ್ಚಿದಿರಾ? ಅವತ್ತು ಇದು ಹೇಗಿತ್ತು ಗೊತ್ತುಂಟಾ? ಗಂಟು ಬಿಡಿಸಿ ನೋಡ್ತೇನೆ, ಒಳಗೆಲ್ಲ ಗೀರು ಗೀರು, ಎಣ್ಣೆ ಜಿಡ್ಡು. ನನ್ನ ಮಗ ಘಾಟಿ ಹತ್ತುವ ಸಾಮಾನು, ಹೀಗೆ ಕೊಳಕು ಇರುವುದಾ ಅಂತ ನಾನೇ ಬೂದಿ ಹಾಕಿ, ನಾರಿನಲ್ಲಿ ತಿಕ್ಕಿ ತೊಳೆದೆ. ಆಮೇಲೆ ತೆಂಗಿನೆಣ್ಣೆ ಹಚ್ಚಿ, ಇದ್ದ ಹಾಗೇ ಕಟ್ಟಿಟ್ಟೆ. ದೋಸೆಕಾವಲಿಯ ಹಾಗೆ ಫಳಫಳ ಮಾಡಿದ್ದೆ. ಅಷ್ಟು ಮಾಡಿದರೂ ಹೀಗಾಯ್ತಲ್ಲ!"

ನಮ್ಮ ಕಡೆ ಕಬ್ಬಿಣ ಎಂದರೆ ಹೆಂಗಸರಿಗೆ ಕಾವಲಿ. ಬೂದಿ ಹಾಕಿ ತಿಕ್ಕಬೇಕು, ಎಣ್ಣೆ ಹಚ್ಚಿಡಬೇಕು, ಇಲ್ಲದಿದ್ದರೆ ತುಕ್ಕು. ಅಮ್ಮ ಪ್ರೀತಿಯಿಂದ ಮಾಡಿದ್ದರು. ಬೂದಿ ಆ ಹೆಣಿಗೆಯ ಗೆರೆಗಳಲ್ಲೂ ಓಣಿಗಳ ಮೂಲೆಯಲ್ಲೂ ಉಳಿದುಕೊಂಡು, ಎಣ್ಣೆಯ ಜೊತೆ ಸೇರಿ, ವಾರಗಟ್ಟಲೆ ಗೋಡೆಯನ್ನು ತಿಂದಿತ್ತು. ಮೆಕ್ಯಾನಿಕ್ ಎಣ್ಣೆ ನೋಡಿ ಮೇಲೆಮೇಲೆ ಒರೆಸಿ ಜೋಡಿಸಿಬಿಟ್ಟಿದ್ದ. ನನಗೆ ಇದೆಲ್ಲ ಒಂದೇ ಸಲಕ್ಕೆ ಹೊಳೆಯಿತು. ಮಂಗಳೂರಿನಲ್ಲಿ ಮಗ ಕಣ್ಣು ಮುಚ್ಚಿ ಮಲಗಿದ್ದಾನೆ. ಇಲ್ಲಿ ತಾಯಿ, ತಾನೇನು ಹೇಳಿದೆ ಎಂದು ಗೊತ್ತಿಲ್ಲದೆ, ಟೀ ಲೋಟ ಹಿಡಿದು ನಿಂತಿದ್ದಾರೆ.

ಬೋರಿಂಗಣ್ಣ ಆ ನಾರಿನ ಎಳೆಯನ್ನು ಮೆಲ್ಲಗೆ ಬೆರಳುಗಳ ನಡುವೆ ಉಂಡೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಯಾರ ತಪ್ಪು ಹಾಗಾದರೆ?" ಅಮ್ಮ ಕೇಳಿದರು.

"ನನ್ನದೇ ಅಮ್ಮ" ಎಂದರು ಅವರು. "ನಾನು ಸರಿಯಾಗಿ ತೊಳೆದಿರಲಿಲ್ಲ. ಕಲ್ಲಿನ ಪುಡಿ ಉಳಿದಿತ್ತು."

"ನೋಡಿದ್ಯಾ! ನಾನು ಅವತ್ತೇ ಅಂದುಕೊಂಡೆ, ಇವರು ತೊಳೆದದ್ದು ಸಾಲದು ಅಂತ."

"ಹೌದು ಅಮ್ಮ. ನೀವು ತೊಳೆದ ಕಾರಣ ಹುಡುಗನ ಜೀವ ಇಷ್ಟಾದರೂ ಉಳಿದದ್ದು. ಇಲ್ಲದಿದ್ದರೆ ಮೊದಲ ದಿನವೇ ಜಾಮ್ ಆಗ್ತಿತ್ತು."

ಅಮ್ಮ ಅತ್ತರು. ಬೈಯಲಿಲ್ಲ. "ನೀವು ಬೇಕಂತ ಮಾಡಿದ್ದಾ, ಇಲ್ಲವಲ್ಲ. ಟೀ ಕುಡೀರಿ" ಎಂದರು. ಬೋರಿಂಗಣ್ಣ ಕುಡಿದರು.

ಬಸ್ ನಿಲ್ದಾಣದ ತನಕ ಬಿಡಲು ಹೋದೆ. ದಾರಿಯಲ್ಲಿ ಜಗಳವೇ ಆಯಿತು ಎನ್ನಬೇಕು.

"ಹೀಗೆ ಹೇಳಿದ್ದು ಸರಿಯಲ್ಲ ಅಣ್ಣ. ಅಮ್ಮ ಕಕ್ಕಿಂಜೆಗೆಲ್ಲ ಹೇಳ್ತಾರೆ. ನಿಮ್ಮ ಕೆಲಸದ ಹೆಸರು ಹೋಗ್ತದೆ. ನಾನು ನಿಧಾನಕ್ಕೆ ಅವರಿಗೆ ನಿಜ ಹೇಳ್ತೇನೆ."

"ಬೇಡ."

"ತಮ್ಮ ಉಳಿಯದಿದ್ದರೆ? ನೀವು ಕೊಂದದ್ದು ಅಂತ ಆಗ್ತದೆ."

"ಉಳಿಯದಿದ್ದರೆ ಇನ್ನೂ ಬೇಡ." ಅವರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ನೋಡಿ ಮಾರಾಯ್ರೆ, ನನಗೆ ಹೆದರಿ ಅಭ್ಯಾಸ ಉಂಟು. ಅವರಿಗೆ ಇಲ್ಲ. ಈ ಪ್ರಾಯದಲ್ಲಿ ಅವರಿಗೆ ಕಲಿಯಲಿಕ್ಕೂ ಆಗುವುದಿಲ್ಲ."

ಬಸ್ಸು ಬಂತು. ನಡುವಿನ ಸೀಟು ಹುಡುಕಿಕೊಂಡು ಕೂತರು.

ತಮ್ಮ ಉಳಿದ. ಕಣ್ಣು ಬಿಟ್ಟು, ಗುರುತು ಹಿಡಿದು, ಒಂದು ವಾರ ಕಳೆದ ಮೇಲೆ ಮಾತನಾಡಿದ. ಬೀಳುವಾಗ ಏನಾಯಿತು ಎಂದು ಕೇಳಿದ್ದಕ್ಕೆ, "ಜಾಮ್ ಆಯ್ತು ಅಂತ ಗೊತ್ತಾದ ಕೂಡಲೇ ಕ್ಲಚ್ ಹಿಡಿದೆ. ಚಕ್ರ ಬಿಟ್ಟಿತು, ಆದರೆ ಜಲ್ಲಿ ಇತ್ತು, ಜಾರಿದೆ. ಕ್ಲಚ್ ಹಿಡಿಯದಿದ್ದರೆ ಲಾರಿಯ ಅಡಿಗೇ" ಎಂದ. ನಾನು ಹೊರಗೆ ಬಂದು ಬೋರಿಂಗಣ್ಣನಿಗೆ ಫೋನ್ ಮಾಡಿ ಹೇಳಿದೆ. "ಮನೆಗೆ ಮುಟ್ಟಲಿ" ಎಂದು ಇಟ್ಟುಬಿಟ್ಟರು. ಕಾಲು ಒಂದಿಷ್ಟು ಎಳೆಯುತ್ತದೆ ಎನ್ನುವುದು ಬಿಟ್ಟರೆ ತಮ್ಮ ಈಗ ಗಟ್ಟಿಯಾಗಿದ್ದಾನೆ.

ಅಮ್ಮ ಮಾತ್ರ ನಾನು ಹೇಳಿದಂತೆಯೇ ಮಾಡಿದರು. ಮದುವೆ, ನಾಮಕರಣ, ಆಸ್ಪತ್ರೆಯ ಸಾಲು, ಎಲ್ಲಿ ಹೋದರೂ ಅದೇ ಕಥೆ. ಬೋರಿಂಗಿನವರು ಸರಿ ತೊಳೆಯದೆ ಕೊಟ್ಟದ್ದು, ತಾನು ಬೂದಿ ಹಾಕಿ ತಿಕ್ಕಿದ್ದು, ಅದರಿಂದ ಮಗನ ಜೀವ ಉಳಿದದ್ದು. ಕೇಳುವವರಲ್ಲಿ ಯಾರಾದರೂ ಎಂಜಿನ್ ಗೊತ್ತಿರುವವರು ಇದ್ದರೆ ನಾನು ಮಾತು ಬದಲಾಯಿಸಲು ನೋಡುತ್ತಿದ್ದೆ. "ಬೂದಿಯಾ? ಬೂದಿ ಹಾಕಿದ್ದಾ?" ಎಂದು ಒಬ್ಬ ಕೇಳಿದರೆ ಸಾಕು, ಎಲ್ಲ ಮುಗಿಯಿತು. ಒಮ್ಮೆ ಉಜಿರೆಯಲ್ಲಿ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಒಬ್ಬ ಗ್ಯಾರೇಜಿನವ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಅಮ್ಮನನ್ನೇ ನೋಡಿದ. ನಾನು ಅವನ ಕಾಲನ್ನು ಮೆಟ್ಟಿದೆ. ಅವನು ನನ್ನ ಮುಖ ನೋಡಿ, ಅರ್ಥವಾಗಿ, ತುತ್ತು ನುಂಗಿದ.

ಬೋರಿಂಗಣ್ಣನ ಗಿರಾಕಿಗಳು ಕಡಿಮೆಯಾದರು. ಅಮ್ಮನ ಕಥೆಯಿಂದ ಎಷ್ಟು, ಕಾಲದಿಂದ ಎಷ್ಟು ಎಂದು ಹೇಳಲಾರೆ. ಈಗಿನ ಕೆಲವು ಬೈಕುಗಳ ಸಿಲಿಂಡರಿಗೆ ಒಳಗೆ ಏನೋ ಲೇಪ ಇರುತ್ತದೆ, ಕೆತ್ತುವ ಹಾಗೇ ಇಲ್ಲ. ಗೋಡೆ ಹಾಳಾದರೆ ಇಡೀ ಬ್ಲಾಕ್ ಬದಲಾಯಿಸುವುದು. ನಾನೂ ಈಗ ಅದನ್ನೇ ಮಾರುತ್ತೇನೆ. ಒಂದು ದಿನ ಅವರು ಮಷೀನನ್ನು ಬಂಟ್ವಾಳದ ಯಾರಿಗೋ ಕೊಟ್ಟು ಮೂಡುಬಿದಿರೆಗೆ ಹೋದರು. ಹೋಗುವ ದಿನವೂ ಲಾರಿಯ ಮುಂದೆ ಕೂರಲು ಒಪ್ಪದೆ ಬಸ್ಸಿನಲ್ಲೇ ಹೋದರು. ನನ್ನ ಬೇರಿಂಗ್ ಡಬ್ಬಗಳು ಆಮೇಲೆ ಗುಂಯ್‌ಗುಡಲಿಲ್ಲ. ನನಗೆ ತುಂಬಾ ಬೇಸರವಾಯಿತು.

ಹೋದ ವರ್ಷ ಅವರು ತೀರಿಕೊಂಡರು. ಮಲಗಿದ್ದಲ್ಲೇ, ಯಾವ ಹೆದರಿಕೆಯೂ ಇಲ್ಲದೆ ಹೋದರಂತೆ. ಸುದ್ದಿ ಕೇಳಿ ನಾನು ಹೊರಟಾಗ ಅಮ್ಮ ಸೀರೆ ಬದಲಾಯಿಸಿ ಬಂದು ನಿಂತರು.

"ನಾನೂ ಬರ್ತೇನೆ. ಅವರ ಹೆಂಡತಿಗೆ ಒಂದು ಮಾತು ಹೇಳಲಿಕ್ಕುಂಟು."

ಮೊಣಕಾಲು ನೋವಿನಲ್ಲಿ ಯಾಕೆ ಎಂದೆ, ಬಿಸಿಲು ಎಂದೆ, ಕೇಳಲಿಲ್ಲ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಆ ಹೆಂಗಸಿಗೆ ಗೊತ್ತಿರುತ್ತದೆ. ಬಚ್ಚಲಿನ ಬಾಗಿಲಲ್ಲಿ ನಿಂತು ದಿನಾ ಆ ತೊಳೆಯುವುದನ್ನು ಕಂಡವರಿಗೆ, ಗಂಡ ತೊಳೆಯದೆ ಕೊಟ್ಟ ಎಂದರೆ ಸುಮ್ಮನಿರುತ್ತಾರಾ? ಗಂಡನ ಹೆಣ ಎದುರಿಗಿರುವಾಗ? ವೇಣೂರಿನ ತಿರುವುಗಳಲ್ಲಿ ನಾನೂ ಕಣ್ಣು ಮುಚ್ಚಿಕೊಂಡೆ.

ಮನೆಯ ಜಗಲಿಯಲ್ಲಿ ಜನ ಕೂತಿದ್ದರು. ಅಮ್ಮ ಸೀದಾ ಒಳಗೆ ಹೋಗಿ, ಅವರ ಹೆಂಡತಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಎರಡೂ ಕೈ ಹಿಡಿದುಕೊಂಡರು.

"ನಮ್ಮ ಹುಡುಗ ಬಿದ್ದದ್ದರ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಮಗಾ. ನಾನು ಯಾವಾಗಲೋ ಕ್ಷಮಿಸಿದ್ದೇನೆ. ಅವರ ಆತ್ಮಕ್ಕೆ ಅದು ಭಾರ ಆಗಬಾರದು, ಅದನ್ನು ಹೇಳಲಿಕ್ಕೇ ಬಂದದ್ದು."

ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಆ ಹೆಂಗಸು ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಿತ್ತು. ಬೂದಿ, ನಾರು, ಎಲ್ಲ ಗೊತ್ತಿತ್ತು. ಆಮೇಲೆ ಅಮ್ಮನ ಕಡೆ ತಿರುಗಿದರು.

"ಅವರು ಯಾವಾಗಲೂ ಹೇಳ್ತಿದ್ದರು ಅಮ್ಮ" ಎಂದರು, "ನೀವು ತೊಳೆದುಕೊಟ್ಟ ಕಾರಣ ಹುಡುಗ ಉಳಿದ ಅಂತ."

"ಹೌದು" ಎಂದರು ಅಮ್ಮ, ಅವರ ಕೈಯನ್ನು ಸವರುತ್ತಾ. "ಚೆನ್ನಾಗಿ ತಿಕ್ಕಿದ್ದೆ."